ಪಕ್ಕದ ಮನೆಯ ಟೀಚರ ಕಣ್ಣು

ಅಥಣಿಯಲ್ಲಿ ನಮ್ಮ ಪಕ್ಕದ ಮನೆಯ ಟೀಚರಿಗೂ ನನಗೂ ಕಣ್ಣಿನ ರೆಪ್ಪೆಗಳು ಒಂದೇ ಥರ ಜೋತುಬಿದ್ದಿದ್ದವು. ಅವರು ಹುಬ್ಬನ್ನು ಬೆರಳಿನಿಂದ ಮೇಲೆತ್ತಿ ಹಿಡಿದೇ ಪೇಪರ್ ಓದುತ್ತಿದ್ದರು. “ನಿದ್ದಿ ಆಗಿಲ್ಲೇನ್ರಿ?” ಎಂದು ಯಾರೇ ಕೇಳಿದರೂ, “ಭರಪೂರ ಆಗೈತ್ರಿ,” ಎಂದು ನಗುತ್ತಿದ್ದರು.

ಒಂದು ಬೇಸಿಗೆ ರಜೆಯಲ್ಲಿ ಅವರು ಮಿರಜಿಗೆ ಹೋಗಿ, ಆಪರೇಷನ್‌ನಲ್ಲಿ ರೆಪ್ಪೆಯ ಹೆಚ್ಚಿನ ಚರ್ಮ ತೆಗೆಸಿಕೊಂಡು ಬಂದರು. ಬಾವು ಇಳಿದ ಮೇಲೆ ಮುಖ ಅರಳಿತು. “ಟೀಚರ ಎಷ್ಟ್ ಫ್ರೆಶ್ ಕಾಣಾಕತ್ತಾರ ನೋಡ,” ಎಂದು ನನ್ನ ಗಂಡನೇ ಹೇಳಿದಾಗ ನನ್ನ ಹೊಟ್ಟೆ ಉರಿಯಿತು.

ಒಂದು ದಿನ ಅವರು, “ನೀವೂ ಮಾಡಿಸ್ಕೊಳ್ರಿ ವೈನಿ, ಜೋಡಿ ನಾ ಬರ್ತೀನಿ,” ಎಂದರು.

“ಇಂಥಾ ಸೋಗು ನಮಗ್ಯಾಕ್ರಿ?” ಎಂದೆ.

“ಸೋಗಲ್ರಿ. ರೆಪ್ಪಿ ಅಡ್ಡ ಬಂದು ಬೋರ್ಡಿನ ಮ್ಯಾಲಿನ ಸಾಲು ಕಾಣ್ತಿರಲಿಲ್ಲ,” ಎಂದರು ಮೆಲ್ಲಗೆ.

ಚೆಂದದ ಜೊತೆಗೆ ಒಳ್ಳೆಯ ಕಾರಣವೂ ಅವರಿಗೇ ಸಿಕ್ಕಿತಲ್ಲ ಎಂದು ನನಗೆ ಇನ್ನಷ್ಟು ಸಂಕಟವಾಯಿತು.