ಒಂದು ಟಿಕೆಟಿಗೆ ಎರಡು ಕೊನೆ

ಇಡೀ ಪುಣೆಯಲ್ಲಿ ಎಲ್ಲರಿಗಿಂತ ಹೆಚ್ಚು ಸಿನಿಮಾ ನೋಡಿದ ಹೆಂಗಸೆಂದರೆ ರಂಗೂಬಾಯಿ ಎಂದು ಇದನ್ನು ಬರೆಯುತ್ತಿರುವವನು ಬಹಳ ದಿನ ನಂಬಿದ್ದ. ಯಾವ ಚಿತ್ರ ಹೇಗಿದೆ ಎಂದು ಕೇಳಿದರೂ ಆಕೆಯದು ಎರಡೇ ಮಾತು: “ಆತ ಸಾಯ್ತಾನ್ರಿ,” ಇಲ್ಲವೆ “ಲಗ್ನ ಆಗ್ತದ್ರಿ.” ಇಷ್ಟು ಅಡಕವಾದ ವಿಮರ್ಶೆ ತನಗೆ ಬರೆಯಲು ಬರುವುದಿಲ್ಲವಲ್ಲ ಎಂದು ಅವನು ಒಳಗೊಳಗೇ ಕರುಬಿದ್ದೂ ಉಂಟು. ಆಕೆ ಒಂದು ಚಿತ್ರವನ್ನೂ ಪೂರ್ತಿ ನೋಡಿಲ್ಲ, ನೋಡಿದ್ದೆಲ್ಲ ಕೊನೆಯ ಹತ್ತು ನಿಮಿಷ ಎಂದು ಗೊತ್ತಾಗುವ ಹೊತ್ತಿಗೆ, ಆಕೆಯ ಅಭಿಪ್ರಾಯ ನಂಬಿ ಬರೆದ ಅವನ ಎರಡು ಲೇಖನಗಳು ಅಚ್ಚಾಗಿಬಿಟ್ಟಿದ್ದವು.

ಆಕೆಯ ಕೆಲಸವೇ ಹಾಗಿತ್ತು. ಅದು ಮೂಕಚಿತ್ರಗಳ ಕಾಲ. ಸದಾಶಿವ ಪೇಠದ ಹತ್ತಿರ ಆಕೆ ಕೆಲಸಕ್ಕಿದ್ದ ಥಿಯೇಟರಿನಲ್ಲಿ ಹೆಂಗಸರ ಗ್ಯಾಲರಿಗೆ ಬೇರೆಯೇ ಮೆಟ್ಟಿಲು. ಕೆಳಗೆ ಬೀದಿಗೊಂದು ಬಾಗಿಲು, ಮೇಲೆ ಗ್ಯಾಲರಿಗೊಂದು. ಆಟ ಶುರುವಾದೊಡನೆ ರಂಗೂಬಾಯಿ ಎರಡಕ್ಕೂ ಕೀಲಿ ಹಾಕಿ, ನಡುವಿನ ಕತ್ತಲೆಯಲ್ಲಿ ಹೆಂಗಸರು ಬಿಟ್ಟುಹೋದ ಚಪ್ಪಲಿಗಳ ಜೊತೆ ಕೂರಬೇಕು. ಕೊನೆಯ ರೀಲಿಗೆ ಗಂಟೆಯಾದಾಗ ಮೇಲಿನ ಬಾಗಿಲು ತೆರೆದು ನಿಲ್ಲಬೇಕು. ಬೀದಿ ಬಾಗಿಲು ಮಾತ್ರ ಚಿತ್ರ ಮುಗಿದ ಮೇಲೆಯೇ. ಮೊದಲೇ ತೆರೆದರೆ ಸಂಜೆಯ ಬಿಸಿಲು ಸೀದಾ ಮೆಟ್ಟಿಲು ಹತ್ತಿ ಬಂದು ಪರದೆಯ ಮೇಲೆ ಕೂರುತ್ತಿತ್ತು.

ಹಾಗೆ ತೆರೆದ ದಿನ ಕೆಲಸವೂ ಇಲ್ಲ, ಥಿಯೇಟರಿನ ಹಿಂದೆ ಇರಲು ಕೊಟ್ಟಿದ್ದ ಖೋಲಿಯೂ ಇಲ್ಲ ಎಂದು ಮ್ಯಾನೇಜರ್ ಭುಜಂಗರಾಯರು ಹೇಳಿಟ್ಟಿದ್ದರು. ಥಿಯೇಟರು ಯಂತ್ರದಿಂದಲ್ಲ, ತಮ್ಮ ಶಿಸ್ತಿನಿಂದ ಓಡುತ್ತದೆ ಎಂಬುದು ಅವರ ನಂಬಿಕೆ. ನಿಪ್ಪಾಣಿಯಿಂದ ಬಂದ ರಂಗೂಬಾಯಿಗೆ ‘ನಮ್ಮ ಕಡೆಯವಳು’ ಎಂದು ಕೆಲಸ ಕೊಟ್ಟವರೂ ಅವರೇ, ಅದನ್ನು ವಾರಕ್ಕೊಮ್ಮೆ ನೆನಪಿಸುತ್ತಿದ್ದವರೂ ಅವರೇ. ಹೀಗೆ ಒಂಬತ್ತು ವರ್ಷ ಕಳೆದಿತ್ತು.

ಶನಿವಾರ ಮಾತ್ರ ಆ ಮೆಟ್ಟಿಲಿಗೆ ಜೀವ ಬರುತ್ತಿತ್ತು. ಗದಗಿನಿಂದ ಪೇಠದ ವಾಡೆಯ ಮನೆಯೊಂದಕ್ಕೆ ಸೊಸೆಯಾಗಿ ಬಂದ ಭಾಮಾ ಅಂದು ದೇವಸ್ಥಾನದ ಕೀರ್ತನೆಗೆಂದು ಹೇಳಿ ಇಲ್ಲಿಗೆ ಬರುತ್ತಿದ್ದಳು. ಕೀರ್ತನೆ ಮುಗಿಯುವುದೂ ಚಿತ್ರ ಮುಗಿಯುವುದೂ ಐದೂವರೆಗೆ. ಮಾವ ಮನೆಗೆ ಬರುವುದು ಆರಕ್ಕೆ. ಅಷ್ಟರಲ್ಲಿ ಸೊಸೆ ಮನೆಯಲ್ಲಿರದಿದ್ದರೆ ಇನ್ನು ಮುಂದೆ ಹೊಸ್ತಿಲು ದಾಟುವುದೇ ಬೇಡ ಎಂದು ಅವರು ಒಮ್ಮೆ ಗದರಿದ್ದರು. ಆಟಕ್ಕೆ ಮೊದಲು ಭಾಮಾ ಹೋದ ವಾರದ ಕಥೆ ಹೇಳುವಳು, ರಂಗೂಬಾಯಿ ತಾನು ಕಂಡ ಕೊನೆಯನ್ನು ಅದಕ್ಕೆ ಹೊಂದಿಸಿಕೊಳ್ಳುವಳು.

“ಆಕಿ ಗಂಡನ ಕಾಲಿಗೆ ಯಾಕ ಬಿದ್ಲು, ಗೊತ್ತೇನಕ್ಕಾ?”

“ಗೊತ್ತಿಲ್ಲ. ಆದ್ರ ಆಕಿ ಬಿದ್ಲು ಅಂದಮ್ಯಾಲ ತಪ್ಪು ಆತಂದು.”

“ಅಯ್ಯ, ನೋಡದ ಹೆಂಗ ಹೇಳ್ತೀರಿ?”

“ಒಂಬತ್ತು ವರ್ಷ ಆತವಾ, ಇದನ್ನ ನೋಡ್ಲಿಕತ್ತು. ತಪ್ಪು ಮಾಡಿದಾಂವ ಯಾವಾಗಲೂ ನಿಂತಿರ್ತಾನ.”

ಭಾಮಾ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. “ಆ ಸಂತನ ಚಿತ್ರಾರ ಚಲೋ ಇತ್ತಲ್ಲ? ಕಡೀಕ ಸ್ವರ್ಗಕ್ಕ ಹೋದ.”

“ಹೋದ, ಬಾವಿ ಹಗ್ಗ ಹಿಡ್ಕೊಂಡು. ನಡುವ ಸಿಕ್ಕೊಂಡು ಗಿರಗಿರ ತಿರಗಿದ. ನಾ ಕೈ ಮುಗೀಲೋ, ಏಣಿ ತರಲೋ, ತಿಳೀಲೇ ಇಲ್ಲ.”

ಹೀಗಿರುವಾಗ ಒಂದು ಶನಿವಾರ ಬೆಳಿಗ್ಗೆ ಭುಜಂಗರಾಯರು ಹೊಸ ಕರಪತ್ರವನ್ನು ರಂಗೂಬಾಯಿಗೆ ಗಟ್ಟಿಯಾಗಿ ಓದಿ ಹೇಳಿದ್ದರು: ‘ಒಂದು ಟಿಕೆಟಿಗೆ ಎರಡು ಕೊನೆ!’ ಚಿತ್ರದ ರಾಜಕುಮಾರ ವಿಷ ಕುಡಿದು ಸಾಯುವುದನ್ನು ಕಂಡು ಮುಂಬಯಿಯ ಜನ ಬೆಂಚು ಮುರಿದರಂತೆ. ಕಂಪನಿಯವರು ಹೆದರಿ ಅವನು ಎದ್ದು ಕೂರುವ ಇನ್ನೊಂದು ಕೊನೆ ತೆಗೆದರಂತೆ. ರಾಯರು ಎರಡನ್ನೂ ತೋರಿಸುವವರಿದ್ದರು. ನಡುವೆ ಸಾವು-ಬದುಕಿನ ಬಗ್ಗೆ ಅವರದೇ ಒಂದು ಭಾಷಣ.

ಕೊನೆಯ ರೀಲಿನ ಗಂಟೆಗೆ ರಂಗೂಬಾಯಿ ಮೇಲಿನ ಬಾಗಿಲು ತೆರೆದಾಗ ಭಾಮಾ ಅಲ್ಲೇ ನಿಂತಿದ್ದಳು.

“ಇನ್ನೊಂದು ಕೊನಿ ಅದ ಅಂತಾರ. ಖರೇ ಏನಕ್ಕಾ?”

“ಖರೇ.”

“ಎಷ್ಟೊತ್ತಿಗೆ ಮುಗೀತದ?”

“ಭಾಷಣಾ ಹಿಡದು ಆರೂಕಾಲು.”

“ನನ್ನ ಬಿಟ್ಟುಬಿಡ್ರಿ.”

“ಬಿಸಲು ಬೀಳ್ತದವಾ. ನನ್ನ ಖೋಲಿ ಹೋಗ್ತದ.”

ಭಾಮಾ ಗೋಗರೆಯಲಿಲ್ಲ. ಕತ್ತಲೆಯಲ್ಲಿ ತಡಕಿ ತನ್ನ ಚಪ್ಪಲಿ ಹುಡುಕಿ ಮೆಟ್ಟಿಕೊಂಡಳು. ರಂಗೂಬಾಯಿ ದಿನವೂ ಕೂರುವ ಮೆಟ್ಟಿಲ ಮೇಲೆಯೇ ಕೂತು, ಮುಚ್ಚಿದ ಬೀದಿ ಬಾಗಿಲನ್ನು ನೋಡತೊಡಗಿದಳು. ಅಲ್ಲಿ ಕೂತವರು ಹಿಂದಿನಿಂದ ಹೇಗೆ ಕಾಣುತ್ತಾರೆಂದು ರಂಗೂಬಾಯಿ ಅದುವರೆಗೆ ನೋಡಿರಲಿಲ್ಲ.

ಪರದೆಯ ಮೇಲೆ ರಾಜಕುಮಾರ ವಿಷ ಕುಡಿದ. ಎರಡು ಉರುಳು ಉರುಳಿದ. ಹಾರ್ಮೋನಿಯಂ ನರಳಿತು, ಹೆಂಗಸರು ಬಿಕ್ಕಿದರು. ಭುಜಂಗರಾಯರು ಶಾಲು ಸರಿಪಡಿಸಿಕೊಂಡು ವೇದಿಕೆ ಹತ್ತಿ “ಸಜ್ಜನರೇ” ಎನ್ನುವಷ್ಟರಲ್ಲಿ ಬೀದಿ ಬಾಗಿಲು ತೆರೆಯಿತು. ಪರದೆಯ ತುಂಬ ಬಿಸಿಲು! ಚಿತ್ರ ಮುಗಿಯಿತೆಂದು ಹೆಂಗಸರೆಲ್ಲ ಕಣ್ಣೊರೆಸಿಕೊಳ್ಳುತ್ತ ಇಳಿದರು. ಎಲ್ಲರಿಗಿಂತ ಮುಂದೆ ಭಾಮಾ. ತಂತಮ್ಮ ಮನೆಯವರನ್ನು ಕರೆದೊಯ್ಯಲು ಕೆಳಗಿನ ಗಂಡಸರೂ ಎದ್ದರು. ರಾಜಕುಮಾರ ಮತ್ತೆ ಬದುಕಿದ್ದನ್ನು ನೋಡಲು ಉಳಿದವರು ಹನ್ನೊಂದು ಮಂದಿ. ಭಾಷಣ ಕೇಳಿದವರು ಅದಕ್ಕೂ ಕಡಿಮೆ.

ಆಟವಾದ ಮೇಲೆ ರಂಗೂಬಾಯಿ ತಾನಾಗಿಯೇ ರಾಯರ ಕೋಣೆಗೆ ಹೋಗಿ, ಎರಡು ಬಾಗಿಲ ಕೀಲಿಕೈಗಳನ್ನೂ ಖೋಲಿಯದನ್ನೂ ಮೇಜಿನ ಮೇಲಿಟ್ಟು ನಿಂತಳು. ರಾಯರ ಶಾಲು ಇನ್ನೂ ಹೆಗಲಿನಿಂದ ಇಳಿದಿರಲಿಲ್ಲ.

“ಮುಂಜಾನೆ ನಾನ ಓದಿ ಹೇಳೇನಿ! ಚಿತ್ರ ಇನ್ನೂ ಮುಗದಿಲ್ಲ ಅಂತ ಅಷ್ಟೂ ತಿಳೀಲಿಲ್ಲೇನ ನಿನಗ?”

“ಸತ್ತಿದ್ದನಲ್ರಿ,” ಎಂದಳು ರಂಗೂಬಾಯಿ. “ಇನ್ನೇನು ಮುಗೀಬೇಕಾಗಿತ್ತು?”