ಮೇಲಿನ ಮನೆ ಅಂಕಲ್ ಹಾಕಿದ ರಜೆ

ನಮ್ಮ ಮನೆಯಲ್ಲಿ ಈ ಕಥೆ ಹೇಳುವುದು ಹೀಗೆ: ನನಗೆ ಹತ್ತು ವರ್ಷ ಇದ್ದಾಗ ಚಿಕನ್ ಪಾಕ್ಸ್ ಆಯ್ತು, ಹಗಲು ನೋಡಿಕೊಳ್ಳೋಕೆ ಯಾರೂ ಇರಲಿಲ್ಲ, ಮೇಲಿನ ಮನೆ ಅಂಕಲ್ ನನಗೋಸ್ಕರ ಆಫೀಸಿಗೆ ಒಂದು ವಾರ ರಜೆ ಹಾಕಿ ಪಕ್ಕದಲ್ಲೇ ಕೂತು ಆಟ ಆಡಿಸಿದರು, ಬೇಕಂತಲೇ ಸೋತು ನನ್ನನ್ನು ನಗಿಸಿದರು. ಅಮ್ಮ ಇದನ್ನು ಎಷ್ಟು ಸಲ ಹೇಳಿದ್ದಾಳೆ ಅಂದರೆ ನೆಂಟರಿಗೆಲ್ಲ ಬಾಯಿಪಾಠ. ಕೊನೆಗೆ "ಪುಣ್ಯಾತ್ಮ" ಅಂತ ಒಂದು ಮಾತು, ಅಲ್ಲಿಗೆ ಮುಗೀತು.

ಇದರಲ್ಲಿ ಎರಡು ತಪ್ಪುಗಳಿವೆ. ಒಂದು, ಅವರು ಒಂದೇ ಒಂದು ಆಟವನ್ನೂ ಬೇಕಂತ ಸೋಲಲಿಲ್ಲ. ಎರಡು, ಆ ರಜೆ ನನಗೋಸ್ಕರ ಹಾಕಿದ್ದಲ್ಲ.

ಹೋದ ವಾರ ಅಟ್ಟ ಕ್ಲೀನ್ ಮಾಡುವಾಗ ಹಳೇ ವಿಡಿಯೋ ಗೇಮಿನ ಹಳದಿ ಕ್ಯಾಸೆಟ್ ಸಿಕ್ಕಿತು. ಅದನ್ನು ಸಿಕ್ಕಿಸುವ ಪೆಟ್ಟಿಗೆ ಯಾವತ್ತೋ ಗುಜರಿಗೆ ಹೋಗಿದೆ. ಆದರೂ ಕೈಗೆ ಬಂದ ತಕ್ಷಣ ಅದರ ಬಾಯಿಗೆ ಉಫ್ ಅಂತ ಊದಿದೆ. ಊದಿದರೆ ಧೂಳು ಹೋಗಿ ಗೇಮ್ ಬರುತ್ತೆ ಅನ್ನೋದು ಆ ಕಾಲದ ವಿಜ್ಞಾನ. ಅದನ್ನು ಕಲಿಸಿದ್ದು ಅವರು...

ಆಗ ನಾವು ಸುದ್ದಗುಂಟೆಪಾಳ್ಯದಲ್ಲಿ ಬಾಡಿಗೆಗಿದ್ದೆವು. ಅಪ್ಪನಿಗೆ ಹಾಸನದಲ್ಲಿ ಕೆಲಸ, ತಿಂಗಳಿಗೆ ಎರಡು ಸಲ ಬರುತ್ತಿದ್ದರು. ಅಮ್ಮ ಸ್ಕೂಲ್ ಟೀಚರ್. ಮಹಡಿ ಮೇಲಿನ ಒಂಟಿ ರೂಮಿನಲ್ಲಿ ಅಂಕಲ್. ಗದಗದ ಕಡೆಯವರು, ಜಯನಗರದ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಆಪರೇಟರ್, ಮೂವತ್ತು ದಾಟಿತ್ತು. ಅವರಿಗೆ ಫೋನ್ ಇರಲಿಲ್ಲ. ಊರಿನ ಕರೆಗಳೆಲ್ಲ ನಮ್ಮ ಮನೆಗೇ ಬರುತ್ತಿದ್ದವು.

ಆ ಭಾನುವಾರ ಅವರು ರೂಮಿನ ಕೀಲಿ ಕೊಡೋಕೆ ಕೆಳಗೆ ಬಂದಿದ್ದರು. "ನಾಳೆ ಸಂಜಿ ಬಸ್ಸಿಗೆ ಊರಿಗೆ ಹೊಂಟೀನ್ರಿ, ಅಕ್ಕಾರ. ಒಂದು ವಾರ ರಜಾ ಹಾಕೀನಿ. ಹುಡುಗಿ ನೋಡೂದೈತಿ." ನಾನು ಅಲ್ಲೇ ಇದ್ದೆ. ಹೊಸ ಶರ್ಟು ತಗೊಂಡಿದ್ದನ್ನೂ ತೋರಿಸಿದರು, ಗುಂಡುಪಿನ್ನು ಇನ್ನೂ ಬಿಚ್ಚಿರಲಿಲ್ಲ. ಅಂದರೆ ರಜೆ ಮೊದಲೇ ಹಾಕಿ ಆಗಿತ್ತು. ನನ್ನ ಮೈಮೇಲೆ ಗುಳ್ಳೆ ಎದ್ದದ್ದು ಮಾರನೇ ದಿನ ಬೆಳಿಗ್ಗೆ.

ಸ್ಕೂಲಿನಲ್ಲಿ ಪರೀಕ್ಷೆಗಳು. ಅಮ್ಮನಿಗೆ ರಜೆ ಸಿಗಲಿಲ್ಲ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿ, ಮೆಟ್ಟಿಲ ಹತ್ತಿರ ಅಂಕಲ್ ಜೊತೆ ಐದು ನಿಮಿಷ ಏನೋ ಮಾತಾಡಿದಳು. ಕಿಟಕಿಯಿಂದ ಕಂಡಿತು, ಕೇಳಿಸಲಿಲ್ಲ. ಆಮೇಲೆ ಅವರು ಕ್ಯಾರಂ ಬೋರ್ಡ್ ಹೊತ್ತುಕೊಂಡು ಒಳಗೆ ಬಂದರು. ಅವರಿಗೆ ಈ ಕಾಯಿಲೆ ಚಿಕ್ಕಂದಿನಲ್ಲೇ ಆಗಿ ಹೋಗಿತ್ತು; ಹಣೆ ಮೇಲೆ ಕಲೆಗಳಿದ್ದವು.

ಬೆಳಿಗ್ಗೆ ಕ್ಯಾರಂ, ಊಟ ಆದ ಮೇಲೆ ಟೀವಿ, ಕರೆಂಟ್ ಇದ್ದಷ್ಟು ಹೊತ್ತು ವಿಡಿಯೋ ಗೇಮ್, ಹೋದರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರ. ನನ್ನ ಬೆರಳಿನ ಕ್ಯಾಲಮೈನ್ ಲೋಷನ್ ಹತ್ತಿ ಸ್ಟ್ರೈಕರ್ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ಮಧ್ಯಾಹ್ನದ ಸೀರಿಯಲ್ಲಿನ ಸೊಸೆಯನ್ನು ನೋಡಿ, "ಈಕಿಗೆ ಖರೇ ಗೊತ್ತಾಗಾಕ ಇನ್ನೂ ನೂರು ಎಪಿಸೋಡ್ ಬೇಕು ತಮ್ಮಾ" ಅನ್ನುತ್ತಿದ್ದರು.

ಜಗಳ ಆಗಿದ್ದು ಚೌಕಾಬಾರದಲ್ಲಿ.

"ಅಂಕಲ್, ಒಂದು ಕಾಯನ್ನೂ ಹೊಡೀದೆ ಒಳಗಿನ ಸುತ್ತಿಗೆ ಹೋಗೋ ಹಾಗಿಲ್ಲ."

"ನಮ್ಮ ಕಡೆ ಹೋಗ್ತಾರೋ."

"ಇದು ನಿಮ್ಮ ಕಡೆ ಅಲ್ಲ."

"ಹಂಗಾರ ನಿಮ್ಮ ಕಡೆ ಯಾಕ ಹೋಗಬಾರದು, ಕಾರಣ ಹೇಳು. ನಮ್ಮಮ್ಮ ಹೇಳ್ಯಾಳ ಅನ್ನೂದು ಕಾರಣ ಅಲ್ಲ."

ನಾನು ಅತ್ತುಬಿಟ್ಟೆ. "ಅತ್ರ ಕಾಯಿ ಹಿಂದ ಬರೂದಿಲ್ಲ" ಅಂದರು. ಮೈಯೆಲ್ಲ ತುರಿಕೆ, ಎದುರಿಗೆ ಕರುಣೆಯೇ ಇಲ್ಲದ ಮನುಷ್ಯ. ಅರ್ಧ ಗಂಟೆ ಗೋಡೆ ಕಡೆ ತಿರುಗಿ ಮಲಗಿದ್ದವನು ಎದ್ದು ಹೇಳಿದೆ: ಹೊಡೀದೇ ಒಳಗೆ ಹೋಗಬಹುದು ಅಂದರೆ ಯಾರೂ ಯಾರನ್ನೂ ಹೊಡೆಯಲ್ಲ, ಎಲ್ಲರೂ ಸುಮ್ಮನೆ ಓಡ್ತಾರೆ, ಆಮೇಲೆ ಅದು ಓಟದ ಪಂದ್ಯ, ಚೌಕಾಬಾರ ಅಲ್ಲ. ಅವರು ಹುಣಸೆಬೀಜಗಳನ್ನು ಅಂಗೈಯಲ್ಲಿ ಆಡಿಸುತ್ತಾ ಸ್ವಲ್ಪ ಹೊತ್ತು ಯೋಚಿಸಿದರು. "ಹೂಂ, ಇದು ಕಾರಣ" ಅಂದು ತಮ್ಮ ಕಾಯನ್ನು ತಾವೇ ಹಿಂದಕ್ಕಿಟ್ಟರು. ಮುಂದೆ ಕಾಲೇಜಿನಲ್ಲಿ ನನಗೆ ಡಿಬೇಟ್ ಕಪ್ಪುಗಳು ಬಂದವು, ಆದರೆ ಅಷ್ಟು ನ್ಯಾಯವಾಗಿ ಸೋತ ಎದುರಾಳಿ ಮತ್ತೆ ಸಿಗಲಿಲ್ಲ. ಆ ವಾರ ಅವರು ಸೋತದ್ದೂ ಅದೊಂದೇ ಸಲ. ಆಟವನ್ನು ಮಾತ್ರ ಕೊನೆಗೆ ಅವರೇ ಗೆದ್ದರು.

ಈಗ ಅಮ್ಮ ಹೇಳದ ಭಾಗ. ಮೊದಲ ದಿನ ಸಂಜೆ ಅವರ ಅಣ್ಣನ ಫೋನ್ ಬಂತು, ಹೊರಟನಾ ಅಂತ ಕೇಳೋಕೆ. ಎತ್ತಿದ್ದು ಅಮ್ಮ. ನಾನು ಮಂಚದ ಮೇಲೆ, ಅಂಕಲ್ ಎದುರಿಗೆ, ಮಧ್ಯೆ ಕ್ಯಾರಂ ಬೋರ್ಡ್.

"ಇಲ್ಲಾರೀ, ಮನೇಲಿ ಮಗನಿಗೆ ಚಿಕನ್ ಪಾಕ್ಸ್. ಬೇವಿನ ಸೊಪ್ಪು ಕಟ್ಟಿದೀವಿ. ಅವನ ತಲೆಗೆ ನೀರು ಹಾಕೋವರೆಗೂ ಇಲ್ಲಿಂದ ಯಾರೂ ಶುಭಕಾರ್ಯಕ್ಕೆ ಹೊರಡೋ ಹಾಗಿಲ್ಲ."

ಕಟ್ಟುಪಾಡು ನಿಜವೇ. ಆದರೆ ಅದು ನಮ್ಮ ಮನೆಗೆ. ಮಹಡಿಗೆ ಬೇರೆ ಮೆಟ್ಟಿಲು, ಬೇರೆ ಅಡುಗೆ, ಬೇರೆ ಮನೆತನ. ಅಂಕಲ್ ಕೈಯಲ್ಲಿ ಸ್ಟ್ರೈಕರ್ ಇತ್ತು. ಎದ್ದು ಹೋಗಿ ರಿಸೀವರ್ ತಗೊಂಡು, ನಾನು ಬರ್ತೀನಿ ಅನ್ನಬಹುದಿತ್ತು. ಏಳಲಿಲ್ಲ. ಪಾಕೆಟ್ಟಿನ ಅಂಚಿನಲ್ಲೇ ಇದ್ದ ರೆಡ್ಡನ್ನು ಹೊಡೆಯೋಕೆ ಹೋಗಿ ಮಿಸ್ ಮಾಡಿದರು... ಅವರ ಕೈ ತಪ್ಪಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಹುಡುಗಿ ಕಡೆಯವರು ಇದನ್ನು ಅಪಶಕುನ ಅಂತ ತಗೊಂಡರಂತೆ. ಇನ್ನೊಂದು ಸಂಬಂಧ ಕೂಡಿ ಬರಲೇ ಇಲ್ಲ. ವಾರದ ಕೊನೆಗೆ ನಾನೇ ಕೇಳಿದ್ದೆ, ಅಂಕಲ್, ನೀವು ಊರಿಗೆ ಯಾಕೆ ಹೋಗ್ಲಿಲ್ಲ ಅಂತ. "ನೀ ಮೊದ್ಲ ನಿನ್ನ ಆಟ ಆಡು" ಅಂದರು.

ಆಮೇಲೆ ನಾವು ಜೆ.ಪಿ. ನಗರಕ್ಕೆ ಬಂದೆವು. ಅವರು ಕೆಲವು ವರ್ಷ ಅದೇ ರೂಮಿನಲ್ಲಿದ್ದು ಊರಿಗೆ ಹೋದರು. ಹೋದ ತಿಂಗಳು ಅವರ ಅಣ್ಣ ಫೋನ್ ಮಾಡಿದ್ದರು, ತೀರಿಕೊಂಡ ಸುದ್ದಿ ಹೇಳೋಕೆ. ನಾನೇ ಎತ್ತಿದೆ. ಜಗಳದ ದನಿ ಇರಲಿಲ್ಲ, ಸುಮ್ಮನೆ ಅಂದರು: "ಅವತ್ತ ಬಂದಿದ್ರ ಇವತ್ತ ಅವನ ಹಿಂದ ಯಾರರ ಇರ್ತಿದ್ರೋ ಏನೋ."

ಅವರಿಗೆ ಆ ಮದುವೆ ಬೇಡವಾಗಿತ್ತು, ನನ್ನ ಗುಳ್ಳೆಗಳು ಒಳ್ಳೇ ನೆಪವಾದವು ಅಂತ ನಾನು ಹತ್ತು ನಿಮಿಷ ವಾದಿಸಬಲ್ಲೆ. ಅವರಿಗೆ ಬೇಕಾಗಿತ್ತು, ಹೊಸ ಶರ್ಟು ತಗೊಂಡಿದ್ದರು, ಒಬ್ಬ ತಾಯಿಯ ಮಾತು ಮೀರಲಾರದೆ ಉಳಿದರು ಅಂತಲೂ ಹತ್ತು ನಿಮಿಷ ವಾದಿಸಬಲ್ಲೆ. ಎರಡೂ ಕಡೆ ಇಷ್ಟು ಸಲೀಸಾಗಿ ಮಾತಾಡಬಲ್ಲೆ ಅಂದರೆ ನನಗೆ ಏನೂ ಗೊತ್ತಿಲ್ಲ ಅಂತಲೇ ಅರ್ಥ. ಆದರೆ ನನ್ನ ಬಾಲ್ಯದ ಅತಿ ಒಳ್ಳೆಯ ವಾರ ಅವರಾಗೇ ಕೊಟ್ಟದ್ದೋ, ಅವರಿಂದ ಕಸಿದುಕೊಂಡದ್ದೋ ಅನ್ನೋದು ನನಗೆ ಗೊತ್ತಾಗಬೇಕು. ಹೇಳಬಹುದಾಗಿದ್ದ ಒಬ್ಬರು ಈಗಿಲ್ಲ.

ಇನ್ನೊಬ್ಬಳು ಅಡುಗೆಮನೆಯಲ್ಲಿದ್ದಾಳೆ. ಮೊದಲ ಸಲ ಕೇಳಿದಾಗ "ಸತ್ತವರ ವಿಷಯದಲ್ಲಿ ಡಿಬೇಟ್ ಮಾಡ್ಬೇಡ" ಅಂದಳು. ಎರಡನೇ ಸಲ ಹಳದಿ ಕ್ಯಾಸೆಟ್ ಮುಂದಿಟ್ಟು ಕೇಳಿದೆ. ಅದನ್ನು ಸೆರಗಿನಿಂದ ಒರೆಸಿ, ಕುಕ್ಕರ್ ನೋಡೋಕೆ ಎದ್ದು ಹೋದಳು. ಮೂರನೇ ಸಲ ಬರೆದೇ ಕೇಳ್ತಿದೀನಿ, ಓದೋಕೆ ಕುಕ್ಕರ್ ಅಡ್ಡ ಬರಲ್ಲ: ಅಮ್ಮಾ, ಅವತ್ತು ಫೋನಿನಲ್ಲಿ ಹಾಗೆ ಹೇಳಿ ಅಂತ ಅವರು ನಿನ್ನನ್ನ ಕೇಳ್ಕೊಂಡಿದ್ರಾ, ಇಲ್ಲ ಅವರನ್ನ ಕೇಳದೆ ನೀನೇ ಹೇಳಿದ್ಯಾ?