ಬಾಯಲ್ಲಿ ಏಲಕ್ಕಿ

ನಮ್ಮೂರ ಶಾಲೆಗೆ ಬಂದಿದ್ದ ಆ ಟೀಚರು ನೋಡಲು ಸಣಕಲು ಹೆಂಗಸು. ಕಾಲಿಗೆ ಗಂಡಸರ ಚಪ್ಪಲಿ. ಕಾಫಿ ಹೂವಿನ ಮಳೆ ಯಾಕೆ ಹೊತ್ತು ತಪ್ಪುತ್ತಿದೆ, ಮರ ಕಡಿದ ಕಡೆ ಹಳ್ಳ ಯಾಕೆ ಬೇಗ ಬತ್ತುತ್ತಿದೆ ಎಂದು ಮಕ್ಕಳನ್ನೇ ನೋಡಿಬರಲು ಕಳಿಸುತ್ತಿದ್ದರು. ಬಂದ ಮಕ್ಕಳು ಉತ್ತರಕ್ಕೆ ಅವರ ಮುಖ ನೋಡಿದರೆ ಸೆರಗಿನ ಗಂಟಿನಿಂದ ಒಂದು ಏಲಕ್ಕಿ ತೆಗೆದು, "ನನ್ ಬಾಯಲ್ಲಿ ಏಲಕ್ಕಿ ಐತೆ, ನೀನೇ ಹೇಳು" ಎಂದು ಬಾಯಿಗೆ ಹಾಕಿಕೊಳ್ಳುವರು.

ಒಂದು ವರ್ಷ, ಹಳ್ಳ ಹುಟ್ಟುವ ಜಾಗದ ಮರಗಳನ್ನು ಮಾರಲು ಪಂಚಾಯ್ತಿಯಲ್ಲಿ ಸಭೆ ಕರೆದರು. ಎಸ್ಟೇಟಿನ ಕೂಲಿ ಲೈನಿನ ಮನೆಗಳಲ್ಲಿದ್ದ ನಾವು ಕುಡಿಯುತ್ತಿದ್ದುದು ಅದೇ ಹಳ್ಳದ ನೀರು. ಬೇಡ ಎನ್ನಲು ಎದ್ದವಳು ಆ ಟೀಚರ ಹತ್ತಿರವೇ ಓದುತ್ತಿದ್ದ ನನ್ನ ಮೊಮ್ಮಗಳು. ಶುರುಮಾಡಿದವಳು ತಡವರಿಸಿ ನಿಂತುಬಿಟ್ಟಳು.

"ಕೂತ್ಕೊಳವ್ವ, ಪಾಠ ಮರ್ತೋಯ್ತು" ಎಂದು ಗಂಡಸರು ನಕ್ಕರು.

ಅವಳು ಟೀಚರ ಕಡೆ ತಿರುಗಿದಳು. ಅವರು ಏಲಕ್ಕಿ ಬಾಯಿಗೆ ಹಾಕಿಕೊಂಡರು. ಪಕ್ಕದಲ್ಲೇ ಇದ್ದ ನಾನು, "ಕಲ್ಲು ಕಣಮ್ಮ ನೀನು" ಎಂದು ಬೈದೆ. ಅವರು ಅಲ್ಲಾಡಲಿಲ್ಲ.

ಮೊಮ್ಮಗಳು ಮೂಗು ಒರೆಸಿಕೊಂಡು, "ಮರ ಹೋದ್ರೆ ನೀರೂ ಹೋಯ್ತದೆ. ಆಮೇಲೆ ನಮ್ಮಜ್ಜಿ ಎಲ್ಲಿಂದ ಹೊತ್ಕಂಡು ಬರ್ಬೇಕು, ನೀವೇ ಹೇಳ್ರಪ್ಪ" ಎಂದಳು.

ಮಾರುವ ಮಾತು ಅಲ್ಲಿಗೇ ನಿಂತಿತು. ಆ ವರ್ಷಕ್ಕೆ ಮರ ಉಳಿದವು.

ಆಮೇಲೆ ಟೀಚರಿಗೆ ವರ್ಗವಾಯಿತು. ಬಾಳ್ಳುಪೇಟೆಗೆ ಹೋಗುವ ಬಸ್ಸಿನ ಹತ್ತಿರ ಮೊಮ್ಮಗಳು, "ಇನ್ನೊಂದ್ ಸಲ ಮರ ಕಡಿಯಕ್ಕೆ ಬಂದ್ರೆ ಯಾರು ಹೇಳದು ಟೀಚರೇ?" ಎಂದು ಕೇಳಿದಳು.

ಅವರು ಸೆರಗಿನ ಗಂಟು ಬಿಚ್ಚಿದರು. ಏಲಕ್ಕಿ ಬಾಯಿಗೆ ಹಾಕಿಕೊಂಡು ಬಸ್ಸು ಹತ್ತಿದರು.